ಜಂಕ್ ಮೇಲ್ ಅಳಿಸುವ ಮೊದಲು 5 ಎಲ್ಲಿದೆ ಅಂತ ಹುಡುಕಿ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಲೇತ್ ಶಾಪ್ ಇದೆ. ಅಡಿಕೆ ಸುಲಿಯುವ ಯಂತ್ರಗಳಿಗೆ ಬುಶ್, ಶಾಫ್ಟ್ ಮಾಡಿಕೊಡುತ್ತೇವೆ. ಕಳೆದ ಸೀಸನ್‌ನಲ್ಲಿ ಶಿವಮೊಗ್ಗ ಕಡೆಯ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿ, "ಏನ್ ಸಾರ್, ಆರ್ಡರ್ ಮೇಲ್ ಹಾಕಿ ಎಂಟು ದಿನ ಆಯ್ತು, ಹೂಂ ಅಂತಾನೂ ಇಲ್ಲ, ಊಹೂಂ ಅಂತಾನೂ ಇಲ್ಲ. ಬೇರೆಯವರಿಗೆ ಕೊಟ್ಬಿಟ್ವಿ" ಅಂದರು. 240 ಬುಶ್‌ಗಳ ಆರ್ಡರ್. ಆ ಮೇಲನ್ನು ಅಳಿಸಿದ್ದು ನಾನೇ. ಓದದೇ.

ನನ್ನ ಹಾಗೆ ಸ್ವಂತ ಡೊಮೈನ್ ಇಟ್ಟುಕೊಂಡು ದಿನಾ ಜಂಕ್ ಗುಡಿಸುವವರು ಇನ್ನೂ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸರ್ವರ್‌ನಲ್ಲಿ ಸ್ಪ್ಯಾಮ್‌ಅಸ್ಯಾಸಿನ್ ಅಂತ ಜಂಕ್ ಮೇಲ್ ಹಿಡಿಯುವ ಸಾಫ್ಟ್‌ವೇರ್ ಇದೆ. ಅದು ಪ್ರತಿ ಮೇಲ್‌ಗೂ ಅಂಕ ಹಾಕುತ್ತದೆ, ಅನುಮಾನ ಜಾಸ್ತಿ ಆದಷ್ಟೂ ಅಂಕ ಜಾಸ್ತಿ. ಜಂಕ್ ಫೋಲ್ಡರ್‌ಗೆ ದಿನಕ್ಕೆ ಇನ್ನೂರರ ಮೇಲೆ ಬೀಳುತ್ತಿತ್ತು. ನನ್ನ ಹೆಂಡತಿಯ ಅಣ್ಣನ ಮಗ ಬಂದಿದ್ದಾಗ, "ಮಾವ, ಎಲ್ಲಾ ಯಾಕೆ ನೋಡ್ತೀರಾ, ಕಡಿಮೆ ಅಂಕದವು ಮಾತ್ರ ನೋಡಿ, ತಪ್ಪಿ ಬಿದ್ದ ಒಳ್ಳೇ ಮೇಲ್ ಇದ್ರೆ ಅಲ್ಲೇ ಇರುತ್ತೆ" ಅಂತ ಹೇಳಿ, ಸಬ್ಜೆಕ್ಟ್‌ನ ಶುರುವಿನಲ್ಲೇ ಅಂಕ ಕಾಣುವ ಹಾಗೆ ಮಾಡಿಕೊಟ್ಟ. ಸಲಹೆ ಸರಿಯಾಗೇ ಇತ್ತು. ಸಬ್ಜೆಕ್ಟ್ ಪ್ರಕಾರ ಜೋಡಿಸಿದೆ. ಮೇಲೆ 10.1, 10.4, ಆಮೇಲೆ 11, 12. ಓಹೋ, ಜಂಕ್ ಅನ್ನೋದು ಹತ್ತರಿಂದ ಶುರು ಅಂದುಕೊಂಡೆ. ಮೊದಲ ಪುಟದ ಐವತ್ತರ ಮೇಲೆ ಕಣ್ಣಾಡಿಸಿ, ಉಳಿದದ್ದನ್ನೆಲ್ಲ ಒಂದೇ ಏಟಿಗೆ ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ ಕಾಫಿಗೆ ಹೋಗುತ್ತಿದ್ದೆ. ಎರಡು ತಿಂಗಳು ಹೀಗೇ ನಡೆಯಿತು.

ಫೋನ್ ಬಂದ ದಿನ, ಅದೇ ಮೇಲನ್ನು ಇನ್ನೊಂದು ಸಲ ಕಳಿಸಿ ಅಂತ ಕೇಳಿಕೊಂಡೆ. ಪಾಪ, ಕಳಿಸಿದರು. ಮತ್ತೆ ಜಂಕ್‌ಗೇ ಬಿತ್ತು. ಆದರೆ ಮೇಲೆಲ್ಲೂ ಕಾಣಲಿಲ್ಲ. ಪುಟ ತಿರುಗಿಸುತ್ತಾ ಹೋದರೆ ಹತ್ತು, ಇಪ್ಪತ್ತು, ಮೂವತ್ತು ಎಲ್ಲ ಮುಗಿದು ನಾಲ್ಕನೇ ಪುಟದಲ್ಲಿ ಕೂತಿತ್ತು, 5.3 ಅಂತ! ಸಬ್ಜೆಕ್ಟ್‌ನಲ್ಲಿರುವ ಅಂಕ ಕಂಪ್ಯೂಟರ್‌ಗೆ ಸಂಖ್ಯೆಯಲ್ಲ, ಬರೀ ಅಕ್ಷರ. ಮೊದಲ ಅಂಕಿ ಯಾವುದು ಅಂತ ನೋಡಿ ಸಾಲು ನಿಲ್ಲಿಸುತ್ತದೆ, ಹಾಗಾಗಿ 10 ಮುಂದೆ, 5 ಹಿಂದೆ. ಹೆಡರ್, ಅಂದರೆ ಮೇಲ್‌ನ ಜೊತೆ ಮರೆಯಲ್ಲಿ ಬರುವ ತಾಂತ್ರಿಕ ಸಾಲುಗಳನ್ನು ತೆರೆದು ನೋಡಿದರೆ, ಜಂಕ್ ಅನ್ನಿಸಿಕೊಳ್ಳುವ ಗಡಿ 5.0 ಅಂತ ಅಲ್ಲೇ ಬರೆದಿತ್ತು. ಅದು ಸ್ಪ್ಯಾಮ್‌ಅಸ್ಯಾಸಿನ್‌ನ ಮಾಮೂಲಿ ಗಡಿಯಂತೆ. ಅಂದರೆ 5ರಿಂದ 9ರವರೆಗಿನವು, ನಾನು ನೋಡಲೇಬೇಕಾದವು, ದಿನಾ ಕೊನೆಯಲ್ಲಿದ್ದವು, ನಾನು ಅವನ್ನೇ ನೋಡದೆ ಗುಡಿಸುತ್ತಿದ್ದೆ.

ಆ 5.3ರಲ್ಲಿ 3.5 ಅಂಕ ಎಲ್ಲಿಂದ ಬಂತು ಗೊತ್ತಾ? ಅದೂ ನನ್ನಿಂದಲೇ. ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ ಬೇಯ್ಸ್ ಅಂತ ಒಂದು ಭಾಗ ಇದೆ, ನಾವು ಜಂಕ್ ಅಂತ ತೋರಿಸಿದ ಮೇಲ್‌ಗಳ ಪದಗಳನ್ನು ಅದು ಕಲಿಯುತ್ತದೆ. "ಪರ್ಚೇಸ್ ಆರ್ಡರ್ ಲಗತ್ತಿಸಿದೆ" ಅಂತ ವೈರಸ್ ಹೊತ್ತುಬರುವ ನಕಲಿ ಮೇಲ್‌ಗಳು ನಮಗೆ ರಾಶಿ ರಾಶಿ, ನಾನು ಶ್ರದ್ಧೆಯಿಂದ ಅವನ್ನೆಲ್ಲ ಜಂಕ್ ಅಂತ ಕಲಿಸಿದ್ದೆ. ಒಳ್ಳೇ ಆರ್ಡರ್‌ಗಳನ್ನು ಒಳ್ಳೇದು ಅಂತ ಒಂದು ಸಲವೂ ಕಲಿಸಿರಲಿಲ್ಲ. ಮೇಲಾಗಿ ಆ ಗಿರಾಕಿಯ ಸಬ್ಜೆಕ್ಟ್ ಪೂರ್ತಿ ಇಂಗ್ಲಿಷ್ ದೊಡ್ಡಕ್ಷರದಲ್ಲಿತ್ತು, ಒಳಗೆ ಎರಡು ಸಾಲು, ಉಳಿದದ್ದು ಆರ್ಡರ್‌ನ ಫೋಟೋ. ಅದಕ್ಕೂ ಸ್ವಲ್ಪ ಸ್ವಲ್ಪ ಅಂಕ ಬಿದ್ದಿತ್ತು.

ರಿಪೇರಿ ಮಾತ್ರ ಐದು ನಿಮಿಷದ್ದು. ಸಬ್ಜೆಕ್ಟ್‌ಗೆ ಅಂಕ ಸೇರಿಸುವ ಸೆಟ್ಟಿಂಗ್‌ನಲ್ಲಿ _SCORE_ ಅಂತ ಇರುವಲ್ಲಿ _SCORE(0)_ ಅಂತ ಬರೆದರೆ 5.3 ಇದ್ದದ್ದು 05.3 ಆಗುತ್ತದೆ, ಸಾಲು ತಾನಾಗೇ ಸರಿಹೋಗುತ್ತದೆ. ಸೆಟ್ಟಿಂಗ್ ಮುಟ್ಟುವುದು ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಹೆಡರ್‌ನಲ್ಲಿ ಅಂಕಕ್ಕೊಂದರಂತೆ ನಕ್ಷತ್ರ ಹಾಕಿರುತ್ತದೆ, ಹದಿನೈದು ನಕ್ಷತ್ರ ಇದ್ದರೆ ಬೇರೆ ಫೋಲ್ಡರ್‌ಗೆ ಹೋಗಲಿ ಅಂತ ಒಂದು ರೂಲ್ ಮಾಡಿಕೊಳ್ಳಿ, ಆಗ ಜಂಕ್‌ನಲ್ಲಿ ನೋಡೋಕೆ ಉಳಿಯುವುದು ಕಡಿಮೆ ಅಂಕದವು ಮಾತ್ರ. ಇಷ್ಟು ಅಂಕ ದಾಟಿದರೆ ತಾನೇ ಅಳಿಸು ಅನ್ನುವ ಆಯ್ಕೆಯನ್ನಂತೂ ದಮ್ಮಯ್ಯ, ಮುಟ್ಟಬೇಡಿ.

ಅಳಿಸಿದ್ದು ವಾಪಸ್ ಸಿಗುತ್ತಾ ಅಂತ ಹೋಸ್ಟಿಂಗ್‌ನವರನ್ನು ಕೇಳಿದೆ. ಇಲ್ಲ ಅಂದರು. ಆ ಎರಡು ತಿಂಗಳಲ್ಲಿ ಇನ್ನು ಯಾರ್ಯಾರ ಮೇಲ್ ಹೋಯಿತೋ ಗೊತ್ತಿಲ್ಲ, ಫೋನ್ ಮಾಡಿ ಬೈದವರು ಅವರೊಬ್ಬರೇ.