ಹಿನ್ನೆಲೆ ಮೊದಲೋ, ಸಾಲು ಮೊದಲೋ?

ಪುಣೆಯಲ್ಲಿ ಕನ್ನಡ ಕವಿತೆ ಓದುವ ಕೂಟ ಶುರುಮಾಡುವವರು ಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ.

ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ತೆಗೆದುಕೊಳ್ಳಿ. ಹಿನ್ನೆಲೆ ಗೊತ್ತಿಲ್ಲದ ಎಷ್ಟೋ ಜನ ಅದನ್ನು ಪ್ರೇಮಗೀತೆ ಎಂದೇ ಕೇಳುತ್ತಾರೆ. ಮಗುವನ್ನು ಕಳೆದುಕೊಂಡ ಗಂಡ ಹೆಂಡತಿಗೆ ಹೇಳುವ ಮಾತು ಎಂದು ಮೊದಲೇ ತಿಳಿಸಿದರೆ ಆ ಗೊಂದಲ ಇರುವುದಿಲ್ಲ. ಆದರೆ ಎಲ್ಲರೂ ಒಂದೇ ಅರ್ಥ ಹಿಡಿದು ಕೂರುತ್ತಾರೆ, ಚರ್ಚೆ ಹತ್ತೇ ನಿಮಿಷಕ್ಕೆ ಮುಗಿಯುತ್ತದೆ. ಕಣ್ಣನ್ನು ಕವಳಿಹಣ್ಣಿಗೆ ಹೋಲಿಸಿದ ಸಾಲನ್ನು ಯಾರೂ ಗಮನಿಸುವುದಿಲ್ಲ. ಬೇಸಿಗೆಯಲ್ಲಿ ಪುಣೆಯ ಬೀದಿಗೆ ಬರುವ ಕರವಂದವೇ ಅದು: ಕಪ್ಪಗೆ ಹೊಳೆಯುತ್ತದೆ, ತೊಟ್ಟು ಮುರಿದಲ್ಲಿ ಬಿಳಿ ಹಾಲು ಒಸರುತ್ತದೆ. ಹಣ್ಣನ್ನು ಕೈಯಲ್ಲಿ ಹಿಡಿದವರಿಗೆ ಅತ್ತು ಒದ್ದೆಯಾದ ಕಣ್ಣು ತಾನಾಗಿ ಕಾಣುತ್ತದೆ.

ಆದ್ದರಿಂದ ಸಾಲೇ ಮೊದಲು. ಎರಡು ಸಲ ಗಟ್ಟಿಯಾಗಿ ಓದಿ, ಅರ್ಧ ಗಂಟೆ ಮಾತಾಡಿ, ಆಮೇಲೆ ಹಿನ್ನೆಲೆ ಹೇಳಿ, ಮತ್ತೆ ಓದಿ. ಇದರಲ್ಲೂ ಒಂದು ತೊಡಕಿದೆ: ಇಲ್ಲೇ ಹುಟ್ಟಿ ಬೆಳೆದವರಿಗೆ ಧಾರವಾಡದ ಆಡುಮಾತು ತೊಡರುತ್ತದೆ. ಮೊದಲ ಓದನ್ನು ಆ ಸೀಮೆಯವರಿಗೇ ಬಿಡಿ.