ಮೂರು ಹಳೆಯ ಆಂಪ್ಲಿಫೈಯರ್, ಕಲಬುರಗಿಯ ಒಂದು ಕೋಣೆ

ಮ್ಯೂಸಿಕಲ್ ಫಿಡೆಲಿಟಿ ಎ1 ಆಂಪ್ಲಿಫೈಯರ್ ಅನ್ನು ನಾನು ಮೊದಲು ಕೇಳಿದ್ದು ಜನವರಿಯ ಒಂದು ರಾತ್ರಿ, ಮಾಮಾನ ಮನೆಯಲ್ಲಿ. ಎರಡನೇ ಸಲ ಕೇಳಿದ್ದು ಮೇ ತಿಂಗಳಲ್ಲಿ, ನಮ್ಮ ಮನೆಯಲ್ಲಿ. ಆಂಪ್ಲಿಫೈಯರ್ ಅದೇ, ಹಾಡುಗಾರರೂ ಅವರೇ. ಆದರೆ ಅಷ್ಟರಲ್ಲಿ ನನ್ನ ತೀರ್ಮಾನ ಪೂರ್ತಿ ತಿರುಗಿತು.

ಮನೆಯ ಸ್ಟೀರಿಯೋಗೆ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್ ಬೇಕು ಅಂತ ಎರಡು ವರ್ಷದಿಂದ ಹುಡುಕುತ್ತಿದ್ದೆ. ಕೊನೆಗೆ ಮೂರು ಉಳಿದವು. ನ್ಯಾಡ್ 3020 ನನ್ನದೇ, ಹೈದರಾಬಾದಿನ ಕೋಠಿಯಿಂದ 14,000 ಕೊಟ್ಟು ತಂದದ್ದು. ಕ್ವಾಡ್ 405 ಸೋಲಾಪುರದ ಗೆಳೆಯನದು. 38,000ಕ್ಕೆ ಕೊಡುತ್ತೇನೆ, ಮೊದಲು ಬೇಕಾದಷ್ಟು ದಿನ ಇಟ್ಕೊಂಡು ಕೇಳು ಅಂದ. ಎ1 ಮಾಮಾನದು. "ಅಳಿಯಾ, ನಿನಗಂತ 45ಕ್ಕ ಕೊಡ್ತೀನಿ ನೋಡು" ಅಂದಿದ್ದರು.

ಮೊದಲು ಕೋಣೆಯ ಮಾತು. 12 ಅಡಿ ಅಗಲ, 14 ಅಡಿ ಉದ್ದ. ನೆಲಕ್ಕೆ ಶಹಾಬಾದ್ ಕಲ್ಲು, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುವಂಥದ್ದೇ. ಬೇಸಿಗೆಗೆ ಕಾಲಿಗೆ ತಂಪು, ಆದರೆ ಒಂದು ಚಪ್ಪಾಳೆ ತಟ್ಟಿದರೆ ಟಣ್ ಅಂತ ವಾಪಸ್ ಬರುತ್ತದೆ. ಮೊದಲ ಮೂರು ದಿನ ಮೂರೂ ಆಂಪ್ಲಿಫೈಯರ್ ಒಂದೇ ಥರ ಕಿವಿಗೆ ಚುಚ್ಚಿದವು. ನಂತರ ಜಮಖಾನ ಹಾಸಿದೆ, ಅವ್ವ ಹೊಲಿದ ಎರಡು ದಪ್ಪ ಕೌದಿಗಳನ್ನು ಸ್ಪೀಕರಿನ ಎದುರು ಗೋಡೆಗೆ ತೂಗುಹಾಕಿದೆ. ಆಮೇಲೆ ಒಂದರ ದನಿ ಇನ್ನೊಂದಕ್ಕಿಂತ ಬೇರೆ ಅಂತ ಗೊತ್ತಾಗತೊಡಗಿತು. ನಿಮ್ಮದೂ ಬರೀ ಕಲ್ಲಿನ ನೆಲವಾದರೆ ಆಂಪ್ಲಿಫೈಯರ್ ಬದಲಿಸುವ ಮೊದಲು ಈ ಕೆಲಸ ಮಾಡಿ. ಖರ್ಚೇ ಇಲ್ಲ.

ಇನ್ನೊಂದು, ವಾಲ್ಯೂಮ್ ಸರಿದೂಗಿಸದೆ ಹೋಲಿಸಬೇಡಿ. ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ, ನನಗೂ ಅನ್ನಿಸಿತು. 100 ಹರ್ಟ್ಸ್ ಟೋನ್ ಹಾಕಿ, ಮಲ್ಟಿಮೀಟರ್ ಅನ್ನು ಎಸಿ ವೋಲ್ಟಿಗೆ ಇಟ್ಟು, ಸ್ಪೀಕರ್ ಟರ್ಮಿನಲ್‌ನಲ್ಲಿ ಎಲ್ಲದಕ್ಕೂ 2 ವೋಲ್ಟ್ ಬರುವ ಹಾಗೆ ನಾಬ್ ತಿರುಗಿಸಿ, ಆ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ. ಕೇಳಿದ್ದು ಹೆಚ್ಚಾಗಿ ಮಲ್ಲಿಕಾರ್ಜುನ ಮನ್ಸೂರರನ್ನು. ಅವರ ದನಿ, ಹಿಂದೆ ತಂಬೂರಿ, ಜೊತೆಗೆ ತಬಲಾ. ಆಂಪ್ಲಿಫೈಯರಿನ ಗುಣ ತಿಳಿಯಲು ನನಗೆ ಇಷ್ಟು ಸಾಕು.

ನ್ಯಾಡ್ 3020 ಬಂದದ್ದು 1978ರಲ್ಲಿ. ಕಾಗದದ ಮೇಲೆ ಬರೀ 20 ವಾಟ್. ಆದರೆ ತಬಲಾದ ಎಡಗೈ ಪೆಟ್ಟು ಬಿದ್ದಾಗ ಉಸಿರುಗಟ್ಟುವುದಿಲ್ಲ, ಕ್ಷಣಹೊತ್ತಿಗೆ ಬರೆದದ್ದಕ್ಕಿಂತ ಜಾಸ್ತಿ ಶಕ್ತಿ ಕೊಡುತ್ತದೆ. ಹಿಂದೆ ಸಾಫ್ಟ್ ಕ್ಲಿಪಿಂಗ್ ಸ್ವಿಚ್ ಇದೆ, ಜೋರು ಮಾಡಿದಾಗ ದನಿ ಒಡೆಯುವ ಬದಲು ಮೆತ್ತಗಾಗುತ್ತದೆ. ನಡುವಿನ ಸ್ವರಗಳು ತುಂಬ ಬೆಚ್ಚಗೆ. ಕೊರತೆ ಅಂದರೆ ತಂಬೂರಿ. ನಾಲ್ಕು ತಂತಿ ನಾಲ್ಕಾಗಿ ಕೇಳುವುದಿಲ್ಲ, ಒಂದು ಗುಂಗು ಮಾತ್ರ ಉಳಿಯುತ್ತದೆ.

ಕ್ವಾಡ್ 405 ಬೇರೆಯದೇ ಜಾತಿ. ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕಂಪನಿ 1975ರಲ್ಲಿ ತಂದದ್ದು, ಕರೆಂಟ್ ಡಂಪಿಂಗ್ ಅಂತ ಅದರ ವಿಧಾನ. ಒಳಗೆ ಒಂದು ಚಿಕ್ಕ, ಶುದ್ಧವಾದ ಆಂಪ್ಲಿಫೈಯರ್ ದನಿಯನ್ನು ನೋಡಿಕೊಳ್ಳುತ್ತದೆ, ದೊಡ್ಡ ಟ್ರಾನ್ಸಿಸ್ಟರ್‌ಗಳು ಬರೀ ಭಾರ ಹೊರುತ್ತವೆ. ಅವು ಮಾಡುವ ತಪ್ಪನ್ನು ಚಿಕ್ಕದು ತಿದ್ದುತ್ತದೆ. ಇದರಿಂದ ನಮ್ಮಂಥವರಿಗೆ ದೊಡ್ಡ ಲಾಭವಿದೆ: ಬಯಾಸ್, ಅಂದರೆ ಟ್ರಾನ್ಸಿಸ್ಟರ್‌ಗಳಲ್ಲಿ ಸುಮ್ಮನಿರುವಾಗಲೂ ಹರಿಯುವ ಕರೆಂಟ್, ತಿರುಗಿಸಿ ಸರಿಮಾಡುವ ಕೆಲಸವೇ ಇಲ್ಲ. ವರ್ಷ ಕಳೆದಂತೆ ತಪ್ಪಿಹೋಗುವಂಥ ಸೆಟ್ಟಿಂಗ್ ಒಳಗೆ ಇಲ್ಲವೇ ಇಲ್ಲ. ಒಂದೊಂದು ಕಡೆಗೆ 100 ವಾಟ್, ಆದರೂ ತೂಕ ಬರೀ 9 ಕಿಲೋ.

100 ವಾಟ್ ಅಂದರೆ ನ್ಯಾಡ್‌ಗಿಂತ ಐದು ಪಟ್ಟು ಜೋರು ಅಂತ ತಿಳಿಯಬೇಡಿ. ಲೆಕ್ಕ ಹಾಕಿದರೆ 7 ಡೆಸಿಬಲ್ ಅಷ್ಟೇ. ನಮ್ಮ ಕೋಣೆಗೆ ಅಷ್ಟು ಶಕ್ತಿ ಬೇಕಾಗಿಯೂ ಇಲ್ಲ. ವ್ಯತ್ಯಾಸ ಕೇಳಿದ್ದು ನಿರಾಳತೆಯಲ್ಲಿ. ಮನ್ಸೂರರು ತಾನ್ ತೆಗೆದುಕೊಂಡು ಮೇಲೆ ಹೋಗಿ, ಅಲ್ಲಿಂದ ಸರ್ರನೆ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಬೀಳುತ್ತಾರಲ್ಲ, ಆ ಜಾಗದಲ್ಲಿ ನ್ಯಾಡ್ ಸ್ವಲ್ಪ ಅವಸರ ಪಡುತ್ತದೆ, ಕ್ವಾಡ್ ಏನೂ ಆಗದವರ ಹಾಗೆ ಕೂತಿರುತ್ತದೆ.

ಆದರೆ ಕ್ವಾಡ್ ಬರೀ ಪವರ್ ಆಂಪ್ಲಿಫೈಯರ್. ವಾಲ್ಯೂಮ್ ನಾಬ್ ಇಲ್ಲ. ಇನ್‌ಪುಟ್ ಹಳೆಯ ಕಾಲದ, ಹಲವು ಪಿನ್ನಿನ ದುಂಡನೆಯ ಡಿನ್ ಸಾಕೆಟ್. ಅರ್ಧ ವೋಲ್ಟ್ ಕೊಟ್ಟರೆ ಪೂರ್ತಿ ಕೂಗುತ್ತದೆ, ಹಾಗಾಗಿ 2 ವೋಲ್ಟ್ ಕೊಡುವ ಸಿಡಿ ಪ್ಲೇಯರ್ ನೇರ ಸಿಕ್ಕಿಸಬಾರದು. ಇದರ ದಾರಿ ಹೇಳಿದ್ದು ಸೂಪರ್ ಮಾರ್ಕೆಟ್ ಹತ್ತಿರ ರೇಡಿಯೋ ರಿಪೇರಿ ಮಾಡುವ ಉಸ್ತಾದ್. ನ್ಯಾಡ್ ಹಿಂಭಾಗದಲ್ಲಿ ಯು ಆಕಾರದ ಎರಡು ಲೋಹದ ಕೊಂಡಿಗಳಿವೆ, ಪ್ರೀ ಔಟ್ ಮತ್ತು ಪವರ್ ಭಾಗದ ಇನ್‌ಪುಟ್ ನಡುವೆ. ಅವನ್ನು ಕಿತ್ತರೆ ನ್ಯಾಡ್ ಎರಡು ಭಾಗವಾಗುತ್ತದೆ: ವಾಲ್ಯೂಮ್ ನೋಡಿಕೊಳ್ಳುವ ಪ್ರೀ, ಸ್ಪೀಕರ್ ಓಡಿಸುವ ಪವರ್. ಪ್ರೀ ಔಟ್‌ನಿಂದ ಕ್ವಾಡ್‌ಗೆ ಒಂದು ವೈರ್ ಎಳೆದರೆ ಮುಗಿಯಿತು. ಡಿನ್ ಪ್ಲಗ್ಗನ್ನು ಕನ್ನಡಕದ ಮೇಲೆ ಇನ್ನೊಂದು ಭೂತಗಾಜು ಇಟ್ಟುಕೊಂಡು, ಒಂದೊಂದು ಪಿನ್ನಿಗೂ ತೆಳ್ಳನೆ ಸ್ಲೀವ್ ತೊಡಿಸಿ ಬೆಸೆದುಕೊಟ್ಟರು.

ಈಗ ಎ1. 1980ರ ದಶಕದ್ದು, ಟಿಮ್ ಡಿ ಪರವಿಚಿನಿ ವಿನ್ಯಾಸ. ಚಪ್ಪಟೆ ಕರಿ ಪೆಟ್ಟಿಗೆ, ಸುಮಾರು 20 ವಾಟ್, ಕ್ಲಾಸ್ ಎ. ಒಂದು ಮಾತನ್ನು ಮನಸಾರೆ ಹೇಳುತ್ತೇನೆ, ಮೂರರಲ್ಲಿ ಇದರ ದನಿಯೇ ಚೆಂದ. ಜನವರಿಯ ಆ ರಾತ್ರಿ ತಂಬೂರಿಯ ಖರ್ಜದ ತಂತಿ ಬೇರೆ, ಜೋಡಿ ತಂತಿ ಬೇರೆ ಅಂತ ಬೆರಳಿಟ್ಟು ತೋರಿಸಬಹುದಿತ್ತು. ಹಾಡುಗಾರರು ಉಸಿರು ಎಳೆದುಕೊಂಡದ್ದೂ ಕೇಳಿತು. ಮಾಮಾ, ನಾನು ಇಬ್ಬರೂ ಮಾತಾಡದೆ ಕೂತಿದ್ದೆವು.

ಆದರೆ ಕ್ಲಾಸ್ ಎ ಅಂದರೆ ಹಾಡು ಇರಲಿ, ಇಲ್ಲದಿರಲಿ, ಒಳಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಆ ಬಿಸಿ ಹೊರಹೋಗುವುದು ಮೇಲಿನ ಗೆರೆಗೆರೆ ಮುಚ್ಚಳದಿಂದಲೇ. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ, ಸಂಜೆ ಏಳಕ್ಕೂ ಕೋಣೆಯ ಗೋಡೆ ಬಿಸಿ. ಒಂದು ಗಂಟೆ ಹಾಕಿದ ಮೇಲೆ ಮುಚ್ಚಳದ ಮೇಲೆ ಅಂಗೈ ಇಟ್ಟೆ, ಮೂರು ಎಣಿಸುವಷ್ಟರಲ್ಲಿ ತೆಗೆದೆ. ಧೂಳು ಒರೆಸಲು ಬಂದ ಅವ್ವ "ಏನೋ ಇದು, ಹಂಚ ಕಾದಂಗ ಕಾದದಲ್ಲೋ" ಅಂತ ಹೆದರಿದರು. ಒಳಗೆ ಕರೆಂಟ್ ಕೂಡಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರುವ ಜಾಗ 10 ಡಿಗ್ರಿ ಜಾಸ್ತಿ ಬಿಸಿಯಾದರೆ ಅದರ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ 20 ಡಿಗ್ರಿ ಕೋಣೆಗೆ ಮಾಡಿದ ಪೆಟ್ಟಿಗೆಯನ್ನು ನಮ್ಮ ಬೇಸಿಗೆಯಲ್ಲಿ ದಿನಾ ಎರಡು ತಾಸು ಓಡಿಸಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಫ್ಯಾನ್ ಹಾಕಬಹುದು. ಆದರೆ ಫ್ಯಾನ್ ಸದ್ದಿನಲ್ಲಿ ತಂಬೂರಿ ಮುಳುಗಿಹೋಗುತ್ತದೆ, ಅದಕ್ಕೇ ಅಲ್ವಾ ಎ1 ಬೇಕಾಗಿದ್ದು?

ಈ ಮೂರಕ್ಕೂ ಮೊದಲು ಇನ್ನೊಂದು ಬಂದಿತ್ತು. ಹೆಸರು ಬೇಡ. ಫೋಟೋ ನೋಡಿ, ಹೊಸದರಂತಿದೆ ಅನ್ನುವ ಮಾತು ನಂಬಿ 22,000 ಕಳಿಸಿದೆ. ಕೊರಿಯರ್‌ನಲ್ಲಿ ಬಂದ ದಿನವೇ ಸ್ಪೀಕರ್ ಸಿಕ್ಕಿಸದೆ ಉಸ್ತಾದ್ ಹತ್ತಿರ ಒಯ್ದದ್ದು ಪುಣ್ಯ. ಅವರು ಮೊದಲು 100 ವಾಟಿನ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಆನ್ ಮಾಡಿದರು. ಬಲ್ಬ್ ಒಮ್ಮೆ ಹೊಳೆದು ಮಂಕಾಗಬೇಕು, ಇದು ಅರ್ಧ ಉರಿಯುತ್ತಲೇ ಉಳಿಯಿತು, ಅಂದರೆ ಒಳಗೆ ಎಲ್ಲೋ ಜಾಸ್ತಿ ಕರೆಂಟ್ ಎಳೆಯುತ್ತಿತ್ತು. ಸ್ಪೀಕರ್ ಟರ್ಮಿನಲ್‌ನಲ್ಲಿ, ಅಲ್ಲಿ ಇರಬಾರದ ಡಿಸಿ ಅಳೆದರೆ ಎಡಕ್ಕೆ 12 ಮಿಲಿವೋಲ್ಟ್, ಬಲಕ್ಕೆ 1.8 ವೋಲ್ಟ್. 50 ಮಿಲಿವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. 1.8 ವೋಲ್ಟ್ ಅಂದರೆ ಸ್ಪೀಕರಿನ ವೂಫರ್ ಕಾಯಿಲ್ ಸುಮ್ನೆ ಬಿಸಿಯಾಗುತ್ತಾ ಕೂರುತ್ತದೆ. ಒಳಗಿನ ಟ್ರಾನ್ಸಿಸ್ಟರ್ ಮೇಲೆ ಥಿನ್ನರ್ ಹತ್ತಿ ಉಜ್ಜಿದರು, ನಂಬರ್ ಅಳಿಸಿಹೋಯಿತು. ಡುಪ್ಲಿಕೇಟ್. ದುಡ್ಡು ವಾಪಸ್ ಬರಲಿಲ್ಲ, ಆ ನೋವು ಇನ್ನೂ ಇದೆ. ಅದಕ್ಕೇ ಹೇಳುವುದು, 300 ರೂಪಾಯಿಯ ಮಲ್ಟಿಮೀಟರ್ ಜೇಬಿನಲ್ಲಿಟ್ಟುಕೊಂಡೇ ಹೋಗಿ.

ಜಪಾನಿನ ಒಳ ಮಾರುಕಟ್ಟೆಯ ಮಾಡೆಲ್‌ಗಳು ಅಗ್ಗಕ್ಕೆ ಕಂಡರೆ ಹಿಂದಿನ ಲೇಬಲ್ ಓದಿ. 100 ವೋಲ್ಟ್ ಅಂತಿದ್ದರೆ ನಮ್ಮ 230ಕ್ಕೆ ಪ್ರತ್ಯೇಕ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ನಮ್ಮ ಓಣಿಯಲ್ಲಿ ಸಂಜೆ 190, ನಡುರಾತ್ರಿ 245 ಬರುತ್ತದೆ. ನಾನು ಆ ಕಡೆ ಹೋಗಲಿಲ್ಲ, ಸ್ಟೆಬಿಲೈಜರ್ ಮಾತ್ರ ಹಾಕಿಸಿದೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮಾತ್ರ ಓಡಿಸಬೇಡಿ, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದೆ.

ಕ್ವಾಡ್ ತೆಗೆದುಕೊಂಡೆ. ಉಸ್ತಾದ್ ಅದರ ಎರಡು 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬದಲಿಸಿದರು, ಅದಕ್ಕೆ ಮೂರು ಸಾವಿರ ಚಿಲ್ಲರೆ ಆಯಿತು. ಇದರ ರಿಪೇರಿ ಕಿಟ್ ಇವತ್ತಿಗೂ ಸಿಗುತ್ತವೆ, ನನಗೆ ಅದು ದೊಡ್ಡ ಧೈರ್ಯ. ನ್ಯಾಡ್ ಅನ್ನು ಮಾರಲಿಲ್ಲ, ಅದೇ ಈಗ ಕ್ವಾಡ್‌ನ ಪ್ರೀ. ತಂಬೂರಿ ಎ1ನಷ್ಟು ಬಿಡಿಬಿಡಿಯಾಗಿ ಕೇಳುವುದಿಲ್ಲ. ಆದರೆ ಮೇ ತಿಂಗಳ ರಾತ್ರಿ ಮೂರು ತಾಸು ಹಾಡಿದ ಮೇಲೂ ಕ್ವಾಡ್‌ನ ಮುಂಭಾಗದಲ್ಲಿರುವ, ಬಿಸಿ ಹೊರಬಿಡುವ ಲೋಹದ ರೆಕ್ಕೆಗಳು ಬರೀ ಉಗುರುಬೆಚ್ಚಗೆ.

ಮಾಮಾನ ಎ1 ಇನ್ನೂ ಅವರ ಹತ್ತಿರವೇ ಇದೆ. ಎಸಿ ಕೋಣೆಯಲ್ಲಿ ಕೇಳುವವರು, ಇಲ್ಲ ಚಳಿಗಾಲದಲ್ಲಿ ಮಾತ್ರ ಹಚ್ಚುವ ತಾಳ್ಮೆ ಇರುವವರು ಅದನ್ನೇ ತೆಗೆದುಕೊಳ್ಳಿ. ನಾನಂತೂ ಡಿಸೆಂಬರ್ ಬಂದ ಕೂಡಲೇ ಅಲ್ಲಿಗೆ ಕೇಳಲು ಹೋಗುತ್ತೇನೆ ಅಂತ ಮಾಮಾಗೆ ಈಗಲೇ ಹೇಳಿಟ್ಟಿದ್ದೇನೆ.