ತಂಪು ಬೇರೆ, ತಣ್ಣಗಿರುವುದು ಬೇರೆ: ಎರಡು ಹಡಗುಗಳ ಒಳಗೆ ಕೂತು ನೋಡಿದ್ದು

ನಮ್ಮ ಬಾಗಲಕೋಟೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹಾಗಾಗಿ ಮನೆಗೆ ಬಂದವರು ‘ಎಷ್ಟು ತಂಪಾಗಿದೆ ನಿಮ್ಮ ಮನೆ’ ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇರೆ ಇಲ್ಲ. ಅದೇ ಜನ ಕೋಟಿ ಸುರಿದು ಕಟ್ಟಿದ ಹೊಸ ಬಂಗಲೆಯನ್ನು ಸುತ್ತಿ ನೋಡಿ, ಚಪ್ಪಲಿ ಮೆಟ್ಟುತ್ತಾ, ‘ಎಲ್ಲ ಚೆನ್ನಾಗಿದೆ, ಆದರೆ ಯಾಕೋ ಕೂರಬೇಕು ಅನ್ನಿಸಲಿಲ್ಲ’ ಎನ್ನುವುದನ್ನೂ ಕೇಳಿದ್ದೇನೆ. ತಂಪು ಮೈಗೆ ಸಿಗುವ ಸುಖ. ತಣ್ಣಗಿರುವುದು ಜೀವವಿಲ್ಲದ ಜಾಗದ ಗುಣ. ಹಳೇ ಬಾಗಲಕೋಟೆಯಲ್ಲಿದ್ದ ನಮ್ಮ ಮಣ್ಣಿನ ಮಾಳಿಗೆಯ ಮನೆ ತಂಪಾಗಿಯೂ ಇತ್ತು, ಬೆಚ್ಚಗೂ ಇತ್ತು. ಎರಡು ಮೊಳದ ಗೋಡೆ, ಸಾಲು ಜಂತಿ, ಮೇಲಿನ ಬೆಳಕಿಂಡಿಯಿಂದ ಇಳಿಯುವ ಒಂದೇ ಕೋಲು ಬಿಸಿಲು. ಆಲಮಟ್ಟಿಯ ಹಿನ್ನೀರು ಬಂದಾಗ ಆ ಮನೆಯನ್ನು ಬಿಟ್ಟು ನವನಗರಕ್ಕೆ ಬಂದೆವು.

ನಾನು ನವನಗರದಲ್ಲಿ ಮನೆಗಳ ಒಳಾಂಗಣದ ಕೆಲಸ ಮಾಡಿಸುತ್ತೇನೆ. ಪ್ಲೈವುಡ್, ಲ್ಯಾಮಿನೇಟ್, ಪಿಒಪಿ, ಎಲ್‌ಇಡಿ ಪಟ್ಟಿ, ಇವುಗಳ ನಡುವೆಯೇ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಈಚೆಗೆ ಗಿರಾಕಿಗಳು ಮೊಬೈಲ್‌ನಲ್ಲಿ ವಿಲಾಸಿ ಹಡಗುಗಳ ಚಿತ್ರ ತೋರಿಸಿ ‘ಹೀಗೆ ಮಾಡಿಕೊಡಿ’ ಎನ್ನತೊಡಗಿದ ಮೇಲೆ, ಆ ಹಡಗುಗಳ ಒಳಗೆ ನಿಜವಾಗಿ ಕೂತರೆ ಹೇಗನ್ನಿಸುತ್ತದೆ ಎಂದು ತಿಳಿಯುವ ಹಟ ಹುಟ್ಟಿತು. ಎರಡು ಪ್ರಯಾಣ ಮಾಡಿದೆವು. 2022ರ ಡಿಸೆಂಬರ್‌ನಲ್ಲಿ ಮುಂಬೈನಿಂದ ಕಾರ್ಡೇಲಿಯಾ ಎಂಬ ಹಡಗು ಕಂಪನಿಯ ‘ಎಂಪ್ರೆಸ್’, ಎರಡು ರಾತ್ರಿ. 2025ರ ಜನವರಿಯಲ್ಲಿ ಸಿಂಗಪುರದಿಂದ ‘ಆಂಥೆಮ್ ಆಫ್ ದಿ ಸೀಸ್’, ನಾಲ್ಕು ರಾತ್ರಿ. ಎರಡಕ್ಕೂ ಅವ್ವ, ಹೆಂಡತಿ, ಮಗಳು ಜೊತೆಗಿದ್ದರು.

ಎಂಪ್ರೆಸ್ ಹಳೆಯ ಹಡಗು. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿ 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಸೇವೆಗೆ ಬಂದದ್ದು. ಉದ್ದ 211 ಮೀಟರ್, ಒಟ್ಟು ಟನ್ನೇಜ್ 48,563. (ಈ ಟನ್ನೇಜ್ ತೂಕವಲ್ಲ, ಹಡಗಿನ ಒಳಗಿನ ಜಾಗದ ಅಳತೆ, ನನಗೂ ಇದು ಮೊದಲು ತಿಳಿದಿರಲಿಲ್ಲ.) ಆಂಥೆಮ್ ಜರ್ಮನಿಯ ಪಾಪೆನ್‌ಬರ್ಗ್‌ನಲ್ಲಿ ಕಟ್ಟಿ 2015ರಲ್ಲಿ ಸೇವೆಗೆ ಬಂದದ್ದು. ಟನ್ನೇಜ್ 1,68,666, ಅಂದರೆ ಒಳಗಿನ ಜಾಗ ಮೂರೂವರೆ ಪಟ್ಟು. ಒಂದು ಕೋಣೆಗೆ ಇಬ್ಬರಂತೆ ಲೆಕ್ಕ ಹಿಡಿದರೂ 4,180 ಪ್ರಯಾಣಿಕರು. ಹಳೆಯದು ಬೆಚ್ಚಗೆ, ಹೊಸದು ತಣ್ಣಗೆ ಇರುತ್ತದೆ ಎಂದುಕೊಂಡೇ ಹೋಗಿದ್ದೆ. ಕೋಣೆಯ ಮಟ್ಟಿಗೆ ನನ್ನ ಊಹೆ ತಲೆಕೆಳಗಾಯಿತು.

ಅದಕ್ಕೆ ಮೊದಲು ಮರದ ಮಾತು. ಎರಡೂ ಹಡಗುಗಳಲ್ಲಿ ನಾನು ಮೊದಲು ಮಾಡಿದ ಕೆಲಸ ಗೋಡೆಯನ್ನು ಗೆಣ್ಣಿನಿಂದ ತಟ್ಟಿ ನೋಡಿದ್ದು. ಕಣ್ಣಿಗೆ ತೇಗ, ವಾಲ್‌ನಟ್; ಕಿವಿಗೆ ತಗಡು. ಆಂಥೆಮ್‌ನ ಕೋಣೆಯಲ್ಲಿ ಮಗಳು ತನ್ನ ಅಯಸ್ಕಾಂತದ ಗೊಂಬೆಯನ್ನು ಗೋಡೆಗೆ ಹಿಡಿದಳು, ಅದು ಟಪ್ಪೆಂದು ಅಂಟಿಕೊಂಡಿತು. ಹಡಗಿನ ಕೋಣೆಯ ಗೋಡೆ ಎಂದರೆ ಎರಡು ತೆಳು ಉಕ್ಕಿನ ಹಾಳೆ, ನಡುವೆ ಬೆಂಕಿ ಹಿಡಿಯದ ಖನಿಜ ಉಣ್ಣೆ, ಮೇಲೆ ಮರದ ಚಿತ್ರವಿರುವ ತೆಳು ಪದರ. ಹೊಸ ಹಡಗುಗಳಲ್ಲಿ ಇಡೀ ಕೋಣೆಯನ್ನು, ಸ್ನಾನದ ಮನೆ ಸಮೇತ, ಕಾರ್ಖಾನೆಯಲ್ಲೇ ಸಿದ್ಧಪಡಿಸಿ, ಕಪಾಟಿಗೆ ಖಾನೆ ತಳ್ಳಿದಂತೆ ಹಡಗಿನೊಳಗೆ ತಳ್ಳುತ್ತಾರೆ.

ಇದು ಜಿಪುಣತನವಲ್ಲ. 1934ರ ಸೆಪ್ಟೆಂಬರ್ 8ರಂದು ಅಮೆರಿಕದ ನ್ಯೂಜೆರ್ಸಿ ತೀರದ ಬಳಿ ‘ಮಾರೊ ಕ್ಯಾಸಲ್’ ಎಂಬ ಪ್ರಯಾಣಿಕರ ಹಡಗು ಹೊತ್ತಿ ಉರಿದು 137 ಜನ ಸತ್ತರು. ಮೆರುಗೆಣ್ಣೆ ಹಚ್ಚಿದ ಅಂದದ ಮರದ ಒಳಗೋಡೆಗಳೇ ಬೆಂಕಿಯನ್ನು ಹಬ್ಬಿಸಿದ್ದವು. 1936ರಲ್ಲಿ ಹೊರಟ ‘ಕ್ವೀನ್ ಮೇರಿ’ಯಲ್ಲಿ ಐವತ್ತಕ್ಕೂ ಹೆಚ್ಚು ಬಗೆಯ ಮರ ಬಳಸಿದ್ದರು, ಈಗ ಅದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ನಿಂತಿದೆ. ಆದರೆ 1952ರ ‘ಯುನೈಟೆಡ್ ಸ್ಟೇಟ್ಸ್’ ಹಡಗಿನ ವಿನ್ಯಾಸಕಾರ ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಬೆಂಕಿಯ ಭಯದಿಂದ ಮರವನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಟ್ಟ. ಪಿಯಾನೊ, ಅಡುಗೆಮನೆಯ ಮಾಂಸ ಕತ್ತರಿಸುವ ಕೊರಡು, ಇಂಥ ಕೆಲವಕ್ಕೆ ಮಾತ್ರ ಮರ ಉಳಿಯಿತು. ಇಂದು ಸೋಲಾಸ್ ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದ ದೇಶದೇಶಗಳ ನಡುವೆ ಓಡುವ ಪ್ರಯಾಣಿಕರ ಹಡಗುಗಳನ್ನು ಕಟ್ಟಿಹಾಕಿದೆ. ಕಲ್ಲಿನದೂ ಅದೇ ಕಥೆ. ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟ್ ಲೋಕಕ್ಕೆಲ್ಲ ಹೋಗುತ್ತದೆ, ಆದರೆ ಮುಕ್ಕಾಲು ಅಂಗುಲದ ಚಪ್ಪಡಿಯನ್ನು ಹಡಗಿನ ಮೇಲಂತಸ್ತಿಗೆ ಹಾಸಲಾಗದು. ಎತ್ತರದಲ್ಲಿ ತೂಕ ಹೆಚ್ಚಿದಷ್ಟೂ ಹಡಗಿನ ಸ್ಥಿರತೆ ಕುಂದುತ್ತದೆ. ಹಾಗಾಗಿ ‘ನಿಜವಾದ ಮರವಿಲ್ಲ, ಆದ್ದರಿಂದ ತಣ್ಣಗಿದೆ’ ಎಂದು ದೂರುವುದು ಅನ್ಯಾಯ. ಮರವೂ ಇಲ್ಲದೆ, ದಪ್ಪ ಕಲ್ಲೂ ಇಲ್ಲದೆ, ಬೆಳಕು, ಎತ್ತರ, ಬಟ್ಟೆ, ಕೂರುವ ಜಾಗ ಇಷ್ಟರಿಂದಲೇ ಅವರು ಏನು ಮಾಡಿದ್ದಾರೆ ಎಂದು ನೋಡಬೇಕು.

ಎಂಪ್ರೆಸ್‌ನ ಹೃದಯ ಅದರ ನಡು ಅಂಗಳ. ಹಲವು ಅಂತಸ್ತುಗಳ ಮಧ್ಯೆ ತೆರೆದಿಟ್ಟ ಬಾವಿಯಂಥ ಜಾಗ, ಸುತ್ತ ಕಟಾಂಜನ, ಕೆಳಗೆ ಜನ. ಕಾಲು ಇಟ್ಟ ಕೂಡಲೇ ನನಗೆ ನಮ್ಮ ಕಡೆಯ ವಾಡೆಗಳು ನೆನಪಾದವು: ನಡುವೆ ಅಂಗಳ, ಸುತ್ತ ಪಡಸಾಲೆ, ಮೇಲಿನ ಕಂಬಕ್ಕೊರಗಿ ಕೆಳಗಿನವರನ್ನು ಮಾತನಾಡಿಸುವುದು. ಹಡಗು ಚಿಕ್ಕದಾದ್ದರಿಂದ ಅಂಗಳವೂ ಕೂಗಳತೆಯಲ್ಲೇ ಇದೆ. ಮೂರನೆಯ ಸಲ ಹಾದುಹೋಗುವಷ್ಟರಲ್ಲಿ ಸೊಲ್ಲಾಪುರದ ಒಂದು ಕುಟುಂಬ ಪರಿಚಯವಾಗಿ ಅವ್ವನ ಪಕ್ಕ ಕೂತಿತ್ತು. ಹೊಳಪು ಲೋಹ, ಗಾಜು, ಕನ್ನಡಿ ಎಲ್ಲ 1990ರ ರುಚಿಯವು. ಇಂದಿನ ಗಿರಾಕಿಗೆ ಇದನ್ನು ತೋರಿಸಿದರೆ ಹಳೆಯದು ಎನ್ನುತ್ತಾನೆ. ಆದರೆ ಆ ಹಳದಿ ಬೆಳಕು ಮುಖದ ಮೇಲೆ ಬೀಳುತ್ತಿತ್ತು, ಕೂತವರ ಬೆನ್ನಿಗೆ ಏನಾದರೊಂದು ಆಸರೆ ಇತ್ತು.

ಬೆನ್ನಿಗೆ ಆಸರೆ, ಕಣ್ಣಿಗೆ ಬಯಲು. ಇದನ್ನು ನಾನು ಕೆಲಸದಲ್ಲಿ ಎಷ್ಟೋ ಸಲ ಗಮನಿಸಿದ್ದೇನೆ. ದೊಡ್ಡ ಹಾಲ್‌ನ ನಡುವೆ ಲಕ್ಷ ರೂಪಾಯಿಯ ಸೋಫಾ ಇಟ್ಟರೂ ಮನೆಯವರು ಹೋಗಿ ಕೂರುವುದು ಕಿಟಕಿಯ ಪಕ್ಕದ ಮೂಲೆಯಲ್ಲಿ.

ಆಂಥೆಮ್‌ನಲ್ಲಿ ಇದಕ್ಕೆ ಎದುರಾಗಿ ನಿಲ್ಲುವುದು ಹಿಂಬದಿಯ ‘ಟೂ ಸೆವೆಂಟಿ’ ಎಂಬ ಗಾಜಿನ ಸಭಾಂಗಣ. ಮೂರಂತಸ್ತಿನ ಎತ್ತರದ ಗಾಜು, 270 ಡಿಗ್ರಿ ಸಮುದ್ರ. ಬೆಳಿಗ್ಗೆ ಒಂಬತ್ತಕ್ಕೆ ಹೋದಾಗ ಅಲ್ಲಿ ಹತ್ತು ಜನರೂ ಇರಲಿಲ್ಲ. ಇಷ್ಟು ದೊಡ್ಡ, ಇಷ್ಟು ಖಾಲಿ ಕೋಣೆ ತಣ್ಣಗಿರಲೇಬೇಕಿತ್ತು. ಇರಲಿಲ್ಲ. ಬಿಸಿಲು ನೀರಿನಿಂದ ಪುಟಿದು ಛಾವಣಿಯ ಮೇಲೆ ಅಲುಗುತ್ತಿತ್ತು, ಆ ಅಲುಗಾಟ ಇಡೀ ಜಾಗಕ್ಕೆ ಜೀವ ಕೊಟ್ಟಿತ್ತು. ಅವ್ವ ಗಾಜಿನ ಬದಿಯ ಆಳವಾದ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ತಮ್ಮಾ, ನಮ್ಮ ಮನೆಯ ಮೇಲೂ ಈಗ ನೀರು ಹೀಗೇ ಹೊಳೆಯುತ್ತಿರಬೇಕಲ್ಲವೇ’ ಎಂದಳು. ನಾನು ಹೌದು ಎಂದೆ.

ಸಂಜೆ ಅದೇ ಗಾಜಿಗೆ ಪರದೆ ಇಳಿಯುತ್ತದೆ. ಅದರ ಮೇಲೆ ಪ್ರೊಜೆಕ್ಟರ್‌ಗಳು ಗೋಡೆಗಲದ ಚಿತ್ರ ಬಿಡುತ್ತವೆ, ರೋಬೋಟ್ ತೋಳುಗಳಿಗೆ ಕಟ್ಟಿದ ಪರದೆಗಳು ಕುಣಿಯುತ್ತವೆ. ತಂತ್ರಜ್ಞಾನಕ್ಕೆ ಕೈ ಮುಗಿಯಬೇಕು, ಮಗಳಂತೂ ಕುರ್ಚಿಯ ಅಂಚಿಗೆ ಬಂದು ಕೂತಿದ್ದಳು. ನನಗೆ ಮಾತ್ರ ಬೆಳಗಿನ ಕೋಣೆ ಕಳೆದುಹೋಯಿತು. ನೀಲಿ, ನೇರಳೆ ಬೆಳಕು ಮುಖಗಳನ್ನು ಬಿಳಿಚಿಸುತ್ತದೆ. ಪಕ್ಕದಲ್ಲಿ ಕೂತ ಹೆಂಡತಿಯ ಮುಖ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಇನ್ನು ‘ಬಯಾನಿಕ್ ಬಾರ್’. ಎರಡು ಯಂತ್ರದ ತೋಳುಗಳು ಪಾನಕ ಬೆರೆಸಿ ಲೋಟಕ್ಕೆ ಸುರಿಯುತ್ತವೆ. ಜನ ಸುತ್ತ ನಿಂತು ವಿಡಿಯೊ ಮಾಡಿಕೊಂಡು ಹೊರಡುತ್ತಾರೆ, ಹರಟೆಗೆ ಯಾರೂ ಉಳಿಯುವುದಿಲ್ಲ. ಚಹಾದಂಗಡಿಯ ಬೆಚ್ಚಗಿನ ಅನುಭವ ಚಹಾದಲ್ಲಿ ಇರುವುದಿಲ್ಲ, ‘ಇವತ್ತು ತಡವಾಯಿತಲ್ಲ ಸಾಹೇಬರೇ’ ಎನ್ನುವವನಲ್ಲಿ ಇರುತ್ತದೆ.

ಈಗ ಕೋಣೆಗಳು. ಎಂಪ್ರೆಸ್‌ನಲ್ಲಿ ಕಿಟಕಿಯಿರುವ ಕೋಣೆ ತೆಗೆದುಕೊಂಡಿದ್ದೆವು, ಆಂಥೆಮ್‌ನಲ್ಲಿ ಖರ್ಚು ಉಳಿಸಲು ಕಿಟಕಿಯೇ ಇಲ್ಲದ ಒಳಕೋಣೆ. ಎಂಪ್ರೆಸ್‌ನ ಕೋಣೆ ಆ ಕಾಲದ ಹಡಗುಗಳಂತೆ ಚಿಕ್ಕದು. ಇಬ್ಬರು ಎದುರುಬದುರು ಕೂತರೆ ಮೊಣಕಾಲು ತಾಗುತ್ತದೆ. ಛಾವಣಿಯನ್ನು ಟೇಪು ಹಿಡಿದು ನೋಡಿದರೆ ಏಳಡಿ ಆಸುಪಾಸು. ಮೈಗೆ ತಂಪು, ಕಿಟಕಿಯಲ್ಲಿ ನಿಜವಾದ ಸಮುದ್ರ. ಆದರೂ ಅದು ಮಲಗಿ ಎದ್ದು ಹೋಗುವ ಜಾಗ ಅಷ್ಟೇ ಆಯಿತು. ಹಗಲೆಲ್ಲ ನಾವು ಅಂಗಳದಲ್ಲೇ ಇದ್ದೆವು.

ಆಂಥೆಮ್‌ನ ಒಳಕೋಣೆಯ ಒಂದು ಗೋಡೆಯಲ್ಲಿ ನೆಲದಿಂದ ಛಾವಣಿಯವರೆಗೆ 80 ಇಂಚಿನ ಪರದೆ ಇತ್ತು. ಹಡಗಿನ ಹೊರಗಿನ ಕ್ಯಾಮೆರಾ ಕಂಡದ್ದನ್ನು ಅದೇ ಕ್ಷಣ ತೋರಿಸುತ್ತದೆ. ಕೆಳಭಾಗದಲ್ಲಿ ಬಾಲ್ಕನಿಯ ಕಟಾಂಜನವನ್ನೂ ಚಿತ್ರಿಸಿದ್ದಾರೆ. ಸುಳ್ಳು ಬಾಲ್ಕನಿ. ಇಂಥದ್ದು ನನಗೆ ಹಿಡಿಸುವುದೇ ಇಲ್ಲ ಎಂದುಕೊಂಡಿದ್ದೆ. ಎರಡನೆಯ ದಿನ ನಸುಕಿನಲ್ಲಿ ಎಚ್ಚರವಾದಾಗ ಕೋಣೆ ಬೂದು ಬಣ್ಣದಿಂದ ಕೇಸರಿಗೆ ತಿರುಗುತ್ತಿತ್ತು. ದೀಪ ಹಾಕಿರಲಿಲ್ಲ, ಹೊರಗಿನ ಬೆಳಗು ಹಾಗೇ ಗೋಡೆಯಿಂದ ಇಳಿದು ಬರುತ್ತಿತ್ತು. ಹಳೇ ಮನೆಯ ಬೆಳಕಿಂಡಿ ಮಾಡುತ್ತಿದ್ದ ಕೆಲಸವೂ ಇದೇ: ಹೊತ್ತು ಎಷ್ಟಾಯಿತು ಎಂದು ಕೋಣೆಗೆ ಹೇಳುವುದು. ಗಾಳಿ ಬರುವುದಿಲ್ಲ ನಿಜ, ಉಪ್ಪಿನ ವಾಸನೆ ಇಲ್ಲ ನಿಜ. ಆದರೆ ನನ್ನ ಗಿರಾಕಿಗಳ ಎಷ್ಟೋ ಮಲಗುವ ಕೋಣೆಗಳಲ್ಲಿ ಹಗಲು ರಾತ್ರಿ 6,500 ಕೆಲ್ವಿನ್‌ನ (ಇದು ಬೆಳಕಿನ ಬಣ್ಣದ ಅಳತೆ) ಒಂದೇ ಬಿಳಿ ದೀಪ ಉರಿಯುತ್ತದೆ, ಪರದೆ ಸದಾ ಮುಚ್ಚಿರುತ್ತದೆ. ನಿಜವಾದ ಕಿಟಕಿಯಿರುವ ಆ ಕೋಣೆಗಳಿಗಿಂತ ಈ ಕಿಟಕಿಯಿಲ್ಲದ ಕೋಣೆ ಬೆಚ್ಚಗಿತ್ತು. ಹಾಸಿಗೆಯ ಬದಿಯ ದೀಪ ಹಳದಿಯದು, ನನ್ನ ಕಣ್ಣಳತೆಗೆ 2,700 ಕೆಲ್ವಿನ್ ಹತ್ತಿರದ್ದು.

ಅವ್ವ ಹೋದಲ್ಲೆಲ್ಲ ತನ್ನ ಕೌದಿ ಒಯ್ಯುತ್ತಾಳೆ. ಹಳೆಯ ಇಳಕಲ್ ಸೀರೆಗಳ ತುಂಡುಗಳನ್ನು ತಾನೇ ಹೊಲಿದು ಮಾಡಿದ್ದು, ಅಂಚಿನಲ್ಲಿ ಕೆಂಪು ಟೋಪಿ ಸೆರಗಿನ ಚೂರುಗಳಿವೆ. ಎಂಪ್ರೆಸ್‌ನ ಹಾಸಿಗೆಯ ಮೇಲೆ ಅದನ್ನು ಹಾಸಿದಾಗ ವಿಶೇಷವೇನೂ ಅನ್ನಿಸಲಿಲ್ಲ, ಅಲ್ಲಿ ಮೊದಲೇ ಬಣ್ಣಗಳಿದ್ದವು. ಆಂಥೆಮ್‌ನ ಕೆನೆಬಣ್ಣ, ಬೂದುಬಣ್ಣಗಳ ನಡುವೆ ಹಾಸಿದಾಗ ಕೋಣೆ ಅದಕ್ಕಾಗಿಯೇ ಜಾಗ ಬಿಟ್ಟು ಕಾದಂತಿತ್ತು. ಹೊಸ ವಿನ್ಯಾಸದ ಈ ಒಂದು ಗುಣವನ್ನು ನಾನು ಈವರೆಗೆ ಸರಿಯಾಗಿ ಗೌರವಿಸಿರಲಿಲ್ಲ. ಅದು ತನ್ನ ಬಣ್ಣ ಹೇರುವುದಿಲ್ಲ. ನಾವು ಏನಾದರೂ ತಂದಿಟ್ಟರೆ ಬೆಚ್ಚಗಾಗುತ್ತದೆ, ತರದೆ ಹೋದರೆ ಹೋಟೆಲಿನಂತೆ ಉಳಿಯುತ್ತದೆ. ಆಂಥೆಮ್ ಕಟ್ಟಿದವರಿಗೂ ಇದು ಗೊತ್ತಿದ್ದಂತಿದೆ: ಮೇಲಿನ ಬಯಲಿನಲ್ಲಿ ದೊಡ್ಡ ಜಿರಾಫೆಯೊಂದನ್ನು, ಈಜುಡುಗೆ ತೊಡಿಸಿ ನಿಲ್ಲಿಸಿದ್ದಾರೆ. ಮಕ್ಕಳೆಲ್ಲ ಅದರ ಕಾಲಬಳಿಯೇ ಸೇರುತ್ತಿದ್ದರು.

ಊಟದ ಕೋಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಕಡೆ ಗದ್ದಲ, ಎರಡೂ ಕಡೆ ಹೊಟ್ಟೆ ತುಂಬಿತು. ಓಣಿಗಳು ಎರಡರಲ್ಲೂ ತಣ್ಣಗೆ. ಆಂಥೆಮ್‌ನದಂತೂ 348 ಮೀಟರ್ ಉದ್ದದ ಹಡಗಿಗೆ ತಕ್ಕಂತೆ, ಮುಗಿಯುವುದೇ ಇಲ್ಲವೇನೋ ಎನ್ನುವಂಥ ಸಾಲು ಬಾಗಿಲುಗಳು.

ಯಾರಾದರೂ ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಜನರ ನಡುವೆ ಕೂರುವ ಆಸೆ ಇದ್ದರೆ, ನಾಲ್ಕು ಹೊಸ ಮುಖ ಪರಿಚಯವಾಗಬೇಕಿದ್ದರೆ ಎಂಪ್ರೆಸ್. ಅದರ ಅಂಗಳಕ್ಕೆ ಸಮನಾದದ್ದು ಆ ದೊಡ್ಡ ಹಡಗಿನಲ್ಲಿ ನನಗೆ ಸಿಗಲಿಲ್ಲ. ಒಬ್ಬರೇ ಸುಮ್ಮನೆ ಸಮುದ್ರ ನೋಡಬೇಕಿದ್ದರೆ, ಕೋಣೆಯೊಳಗೆ ಹೆಚ್ಚು ಹೊತ್ತು ಕಳೆಯುವುದಿದ್ದರೆ ಆಂಥೆಮ್, ಅದೂ ಗಾಜಿನ ಸಭಾಂಗಣಕ್ಕೆ ಬೆಳಿಗ್ಗೆಯೇ ಹೋಗುವುದಾದರೆ. ಒಟ್ಟಿನಲ್ಲಿ ನನ್ನ ಮತ ಕೂದಲೆಳೆಯಷ್ಟು ಎಂಪ್ರೆಸ್‌ಗೆ. ಹೆಂಡತಿಯದೂ ಅದೇ ಮತ, ಅವಳ ಕಾರಣ ಸೊಲ್ಲಾಪುರದವರು. ಅವರ ಮನೆಯ ಮದುವೆಗೆ ಈ ಬೇಸಿಗೆಯಲ್ಲಿ ಹೋಗಿ ಬಂದೆವು.

ಅವ್ವ ಒಪ್ಪಲಿಲ್ಲ. ಇನ್ನೊಮ್ಮೆ ಹೋಗುವುದಾದರೆ ಯಾವುದಕ್ಕೆ ಎಂದು ಕೇಳಿದಾಗ ಆ ಗಾಜಿನ ಕೋಣೆಯ ಹಡಗು ಎಂದಳು. ಮುಂಬೈ ಹಡಗಿನಲ್ಲಿ ಮಾತನಾಡಲು ಜನ ಇದ್ದರಲ್ಲ ಎಂದೆ. ‘ಜನ ಇಲ್ಲೂ ಇದ್ದಾರೆ ತಮ್ಮಾ’ ಎಂದು ಕೌದಿ ಮಡಚಿ ಒಳಗೆ ಹೋದಳು.